ಕೈಗವಸಿನ ಅಳತೆ

ಟೆಕ್ಲಾ ಬಂದೂಕಿನ ಅಂಗಡಿಗೆ ಬಂದಾಗ ಅವಳ ಕಂಕುಳಲ್ಲಿ ಮೀನಿನ ಕೆಲಸದ ಕಿತ್ತಳೆ ಬಣ್ಣದ ರಬ್ಬರ್ ಕೈಗವಸುಗಳಿದ್ದವು. ಹಿಂದೆಯೇ ಬಂದ ಮಕಾರ್, ಅವಳ ಗಂಡನ ಅಣ್ಣ, ಅವನ್ನು ನೋಡಿಯೂ ನೋಡದವನಂತೆ ನಿಂತ.

ಅಂಗಡಿಯ ಹಿಲ್ಮಾ ಅಜ್ಜಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಡಿಯಾಕ್ ದ್ವೀಪದಲ್ಲಿ ಜೂನ್ ಬಂತೆಂದರೆ ದಡದ ಬಲೆಗಳಿಗೆ ಸಾಲ್ಮನ್ ಮೀನು ಬರುತ್ತದೆ, ಸಾಲ್ಮನ್ ಹಿಂದೆ ಕರಡಿ ಬರುತ್ತದೆ. ಟೆಕ್ಲಾ ಮತ್ತು ಅವಳ ಗಂಡ ಸ್ಟೆಪಾನ್ ಆರು ಬೇಸಿಗೆ ಒಂದೇ ಕೊಲ್ಲಿಯಲ್ಲಿ ಬಲೆ ಹಾಕಿದ್ದರು. ಕಳೆದ ಅಕ್ಟೋಬರಿನಲ್ಲಿ ಸ್ಟೆಪಾನ್ ದೋಣಿಯ ಸಮೇತ ಮುಳುಗಿದ. ಬಂದೂಕೂ ಅದರಲ್ಲೇ ಇತ್ತು.

ಈ ಸಲ ಅವಳು ಒಬ್ಬಳೇ ಹೋಗುವವಳು. ಕರೆದೊಯ್ಯುವ ದೋಣಿ ಮಕಾರನದು, ಕರಾರೂ ಅವನದೇ. ಅಂಗಡಿಯ ಹಿಂದಿನ ಜಲ್ಲಿ ಗುಂಡಿಯಲ್ಲಿ ದಿಬ್ಬದಿಂದ, ನಡುವೆ ರಟ್ಟು ತುಂಬಿದ ಒಂದು ಟೈರು ಉರುಳಿ ಬರುತ್ತದೆ. ಅದು ಗೆರೆ ಮುಟ್ಟುವುದರೊಳಗೆ ಎರಡು ಗುಂಡು ತಾಗಬೇಕು. ಅವರ ಮನೆಯಲ್ಲಿ ಒಬ್ಬರೇ ಬಲೆಗೆ ಹೋಗುವವರೆಲ್ಲ ಹೀಗೆ ಹೊಡೆದು ತೋರಿಸಿದವರೇ. ತಪ್ಪಿದರೆ ಬೇಸಿಗೆಯೆಲ್ಲ ಊರಲ್ಲೇ.

“ಲಿವರ್ ಎಳೆದು ಗುಂಡು ಏರಿಸೋ ಥರದ್ದು ಕೊಡಿ ಅಜ್ಜಿ. ದಪ್ಪ ಗುಂಡಿನದು,” ಎಂದಳು ಟೆಕ್ಲಾ.

ಹಿಲ್ಮಾ ಎರಡನ್ನು ಮುಂದಿಟ್ಟಳು. ಎರಡಕ್ಕೂ ಬೆರಳು ಗಾತ್ರದ ಒಂದೇ ಗುಂಡು. ಒಂದು ಹೊಸದು, ಗಿಡ್ಡ ನಳಿಗೆ, ಹಗುರ. ಇನ್ನೊಂದು ಹಳೇ ಮಾದರಿ: ಆಕ್ರೋಟು ಮರದ ಹಿಡಿ, ಉದ್ದ ನಳಿಗೆ, ಕೈತುಂಬ ಭಾರ.

“ನಿಂಗೆ ಹಗುರದ್ದೇ ವಾಸಿ,” ಎಂದ ಮಕಾರ್.

“ಹೊರೋದಕ್ಕೆ ವಾಸಿ ಭಾವ. ಹೊಡೆದಾಗ ಜೋರಾಗಿ ಒದೆಯೋದೂ ಅದೇ.”

“ಕಾಲೇಜು ಓದಿದೋಳು ನೀನು, ಇದನ್ನೂ ಅಲ್ಲೇ ಹೇಳ್ಕೊಟ್ರಾ?”

“ನಿಮ್ಮ ತಮ್ಮನ ಭುಜ ಕಪ್ಪಾಗಿದ್ದು ನೋಡಿ ಕಲ್ತೆ.”

ಅವಳು ಕಣ್ಣು ಮುಚ್ಚಿ ಗಿಡ್ಡದನ್ನು ಭುಜಕ್ಕೇರಿಸಿ ಕಣ್ಣು ತೆರೆದಳು. ನಳಿಗೆ ತುದಿಯ ಗುರಿಯ ಮಣಿ ಎಲ್ಲೋ ಮಾಡಿನ ಕಡೆಗಿತ್ತು. ಹಳೇ ಮಾದರಿಯಲ್ಲಿ ಅದು ಹುಡುಕುವ ಮೊದಲೇ ಕಣ್ಣೆದುರು ಕೂತಿತ್ತು. ಆಮೇಲೆ ಕೈಗವಸು ಹಾಕಿಕೊಂಡಳು.

ಅಜ್ಜಿ ಗಹಗಹಿಸಿ ನಕ್ಕಳು. “ಏನೇ, ನನ್ನಂಗ್ಡೀಲಿ ಮೀನು ಕುಯ್ಯೋಕೆ ಬಂದ್ಯಾ?”

“ಕರಡಿ ಬಂದಾಗ ನಾನು ಬಲೆ ಎಳೀತಿರ್ತೀನಿ. ತಡಿಯಪ್ಪಾ, ಗ್ಲೌಸ್ ಬಿಚ್ಚಿ ಬರ್ತೀನಿ ಅಂದ್ರೆ ಕೇಳುತ್ತಾ?”

ಗಿಡ್ಡದರಲ್ಲಿ, ಹಿಡಿಯ ಕೆಳಗಿನ ಲಿವರಿನ ಬಳೆಯೊಳಗೆ ಕೈಗವಸಿನ ಎರಡೇ ಬೆರಳು ಹೊಕ್ಕವು. ಹಳೇ ಮಾದರಿಯ ಬಳೆ ದೊಡ್ಡದು, ಮೂರೂ ಹೊಕ್ಕವು. ಅವಳು ಲಿವರನ್ನು ತುದಿಯವರೆಗೂ ರಪ್ಪನೆ ಇಳಿಸಿ, ಅಷ್ಟೇ ಬಿರುಸಾಗಿ ಮೇಲಕ್ಕೆಳೆದಳು.

“ಮೆಲ್ಲಗೆ! ಅಂಗಡಿ ಮಾಲು!” ಮಕಾರ್ ಬೆಚ್ಚಿ ಅಂದ. ಆ ಊರಿನಲ್ಲಿ ಅಂಗಡಿಯ ಬಂದೂಕನ್ನು ಹಾಗೆ ಎಳೆಯುವುದು ಮರ್ಯಾದೆಯಲ್ಲ. ಅವನು ಗಿಡ್ಡದನ್ನು ಎತ್ತಿಕೊಂಡು, ತೊಟ್ಟಿಲ ಮಗುವನ್ನು ಮುಟ್ಟಿದ ಹಾಗೆ ಲಿವರ್ ಆಡಿಸಿ ತೋರಿಸಿದ. “ಹೀಗೆ.”

“ಹೊರಗೆ ತೋರ್ಸು ಬಾರೋ,” ಎಂದಳು ಹಿಲ್ಮಾ.

ಜಲ್ಲಿ ಗುಂಡಿಯಲ್ಲಿ ಮಕಾರನೇ ಮೊದಲು ನಿಂತ. ಹಿಂದಿನಿಂದ ಅಜ್ಜಿ ಟೈರಿನ ತಡೆಯ ಹಗ್ಗ ಎಳೆದಳು, ಟೈರು ಉರುಳಿತು. ಮೊದಲ ಗುಂಡು ತಾಗಿತು. ಹಗುರದ ಬಂದೂಕು ಒದ್ದ ರಭಸಕ್ಕೆ ಅವನ ಹೆಗಲು ತಿರುಗಿತು. ಕೈ ಮಾತ್ರ ಅಂಗಡಿಯ ಮರ್ಯಾದೆಯಲ್ಲೇ ಇತ್ತು: ಲಿವರ್ ಅರ್ಧ ಇಳಿಯಿತು, ಅರ್ಧಕ್ಕೇ ಮರಳಿತು. ಹೊಸ ಗುಂಡು ಏರಲಿಲ್ಲ. ಮತ್ತೆ ಹೊಡೆಯಹೋದರೆ ಟಕ್ ಎಂದಿತು, ಅಷ್ಟೇ. ಟೈರು ಗೆರೆ ದಾಟಿ ಅವನ ಮೊಣಕಾಲಿಗೆ ಗುದ್ದಿ ಮಲಗಿತು.

“ಕರಡಿದು ಊಟ ಆಯ್ತು,” ಎಂದಳು ಅಜ್ಜಿ.

ಟೆಕ್ಲಾ ನಗಲಿಲ್ಲ. ಹಳೇ ಮಾದರಿಗೆ ಗುಂಡು ತುಂಬಿ, ಕೈಗವಸಿನಲ್ಲೇ ನಿಂತು ತಲೆಯಾಡಿಸಿದಳು. ಟೈರು ಹೊರಟಿತು. ಮೊದಲ ಗುಂಡು ಅದರ ನಡುವಿನ ರಟ್ಟನ್ನು ಸೀಳಿತು. ಲಿವರ್ ಪೂರ್ತಿ ಇಳಿಯಿತು, ಖಾಲಿ ತೋಟಾ ಹಾರಿತು, ಲಿವರ್ ಏರಿತು. ಎರಡನೆಯದಕ್ಕೆ ಟೈರು ತೂರಾಡಿ, ಗೆರೆಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಬಿತ್ತು.

ಬಂದೂಕು ಒದ್ದ ಏಟಿಗೆ ಅವಳ ಭುಜ ನೋಯಿತು. ಅಕ್ಟೋಬರಿನಿಂದ ಮರಗಟ್ಟಿದ್ದ ಅವಳಿಗೆ ಬಹಳ ದಿನಗಳ ಮೇಲೆ ಏನೋ ನೋಯುತ್ತಿತ್ತು.

ಮಕಾರ್ ಬಗ್ಗಿ ಖಾಲಿ ತೋಟಾಗಳನ್ನು ಹೆಕ್ಕಿದ. “ಈ ಹಿಡಿ ಸ್ಟೆಪಾನ್‌ಗೆ ಗಿಡ್ಡ ಆಗ್ತಿತ್ತು.”

“ಆಗ್ತಿತ್ತು ಭಾವ. ನಂಗೆ ಸರಿಯಾಗಿದೆ.”

ಅವನು ತೋಟಾಗಳನ್ನು ಅವಳ ಕೈಗೆ ಹಾಕಿದ. “ನಾಳೆ ಏಳಕ್ಕೆ ಸಮುದ್ರ ಭರತ, ಆಗ್ಲೇ ದೋಣಿ ಬಿಡ್ತೀನಿ. ದಾರಿಗೆ ತಿನ್ನೋಕೆ ಪೆರೋಕ್, ಮೀನಿನ ಕಡುಬು, ಕಟ್ಕೊಂಡ್ ಬಾ. ಅಮ್ಮ ಮಾಡಿದ್ದು ಬೇಡ, ಮೀನಿಗಿಂತ ಉಪ್ಪೇ ಜಾಸ್ತಿ ಇರುತ್ತೆ.”

“ಆರೂವರೆಗೇ ಇರ್ತೀನಿ,” ಎಂದಳು ಟೆಕ್ಲಾ. ಉಳಿದ ಗುಂಡುಗಳನ್ನು ಹೊರತೆಗೆದು, ಬಂದೂಕನ್ನು ಹೆಗಲಿಗೇರಿಸಿದಳು.