ಜಿನೆಟ್ ಹಾಕಿದ ಗಂಟು

ದೋಣಿ ಹತ್ತಿ ಮೂರು ದಿನವಾಗಿತ್ತು. ಅಷ್ಟರಲ್ಲಿ ಜಿನೆಟ್ ಯಾನ್‌ನಲ್ಲಿ ಹುಡುಕಿ ತೆಗೆದ ಹುಳುಕುಗಳನ್ನು ಬರೆದಿಡಲು ಒಂದು ಹಾಳೆ ಸಾಲುತ್ತಿರಲಿಲ್ಲ. ಅವನು ಬ್ರೆಡ್ಡನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಾನೆ, ಹಾಗಿಟ್ಟರೆ ಮನೆಗೆ ಕೇಡು ಅನ್ನುವ ತಿಳಿವಳಿಕೆಯೂ ಇಲ್ಲ. ಉಪ್ಪು ಬೆಣ್ಣೆ ಇಲ್ಲದಿದ್ದರೆ ಅವನಿಗೆ ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಊರು ಇರಾನ್ಸಿಯ ಸ್ವಂತ ದ್ರಾಕ್ಷಿ ತೋಟದ ಕೆಂಪು ವೈನನ್ನು ಕೊಂಡೊಯ್ದು ಫ್ರಿಜ್ಜಿನಲ್ಲಿಟ್ಟು ಮಂಜುಗಡ್ಡೆಯಂತೆ ತಣ್ಣಗೆ ಮಾಡಿಬಿಟ್ಟ. ಬ್ರಿಟಾನಿ ಕರಾವಳಿಯವನು, ಮೀನು ತಿಂದು ಬೆಳೆದವನು, ಅವನಿಗೆ ವೈನಿನ ಮರ್ಯಾದೆ ಹೇಗೆ ಗೊತ್ತಾಗಬೇಕು?

ಈ ಯಾನ್ ಅವಳ ಸೊಸೆ ಆರೆಲಿಯ ಎರಡನೆಯ ಗಂಡ. ಮೊದಲನೆಯವನು ಜಿನೆಟ್‌ಳ ಒಬ್ಬನೇ ಮಗ ಸಿಲ್ವಾಂ. ನಾಲ್ಕು ವರ್ಷದ ಹಿಂದೆ ತೋಟದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿಬಿತ್ತು, ಅವನು ಅಲ್ಲೇ ಹೋಗಿಬಿಟ್ಟ. ಆಗ ಮಗಳು ಲೂಸಿಲ್‌ಗೆ ಐದು ವರ್ಷ, ಮಗ ತಿಬೊಗೆ ಒಂದು. ತಿಬೊಗೆ ಹೆತ್ತ ಅಪ್ಪನ ಮುಖದ ನೆನಪಿಲ್ಲ. ಯಾನ್‌ನನ್ನೇ ಅಪ್ಪಾ ಎಂದು ಕರೆಯುತ್ತಾನೆ. ಹಾಗೆ ಕರೆದಾಗಲೆಲ್ಲ ಜಿನೆಟ್ ಮುಖ ಆಚೆ ತಿರುಗಿಸುತ್ತಾಳೆ, ಆದರೆ ಮಗುವಿಗೆ ಏನೆಂದು ಹೇಳುವುದು?

ಶಾಲೆಗೆ ರಜೆಯಿರುವ ಬುಧವಾರಗಳಲ್ಲಿ ಮಕ್ಕಳಿಬ್ಬರೂ ಅವಳ ಮನೆಗೆ ಬರುತ್ತಾರೆ. ಉಳಿದ ಆರು ದಿನ ಅವಳು ಬದುಕುವುದೇ ಆ ಒಂದು ದಿನದ ಆಸೆಗೆ. ಹೀಗಿರುವಾಗ ಆಗಸ್ಟಿನಲ್ಲಿ ಆರೆಲಿ ಬಂದು, ಕಾಲುವೆಯಲ್ಲಿ ಒಂದು ವಾರ ದೋಣಿ ಬಾಡಿಗೆಗೆ ಹಿಡಿದಿದ್ದೇವೆ, ನೀವೂ ಬನ್ನಿ ಅತ್ತೆ ಎಂದಳು. ಜಿನೆಟ್ ಹಿಗ್ಗಿ ಹೂವಾದಳು. ಆ ಹಿಗ್ಗು ಎರಡೇ ದಿನ. ಮೂರನೆಯ ದಿನ, ಇನ್ನೂ ದೋಣಿ ಹತ್ತುವ ಮೊದಲೇ, ಸೊಸೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: ದೋಣಿಯಲ್ಲೇ ಅವರಿಗೆ ಹೇಳಿಬಿಡುತ್ತೇವೆ, ಅದಕ್ಕೆ ಮುಂಚೆ ಬೇಡ. ಏನು ಹೇಳುವುದು? ಇನ್ನೇನಿರುತ್ತದೆ! ಗಂಟುಮೂಟೆ ಕಟ್ಟಿಕೊಂಡು ಅವನ ಸಮುದ್ರದ ಕಡೆ ಹೋಗುತ್ತಾರೆ. ಇಲ್ಲಿಂದ ಅಲ್ಲಿಗೆ ಆರು ನೂರು ಕಿಲೋಮೀಟರ್. ಮರುಮದುವೆಯಾದ ಸೊಸೆಯ ಮನೆಯಲ್ಲಿ ಹಳೆಯ ಅತ್ತೆಗೆ ಯಾವ ಹಕ್ಕು? ಮಕ್ಕಳು ಕೈತಪ್ಪಿದರು ಎಂದು ಜಿನೆಟ್ ತೀರ್ಮಾನಿಸಿಬಿಟ್ಟಳು, ಆ ಸಂಕಟವನ್ನೆಲ್ಲ ದೋಣಿಯಲ್ಲಿ ಮೂರು ದಿನ ಯಾನ್‌ನ ಮೇಲೆ ಕಾರಿದಳು. ಅವನು ಒಂದಕ್ಕೂ ಎದುರಾಡಲಿಲ್ಲ. ಅದೂ ಅವಳಿಗೆ ತಪ್ಪಾಗಿಯೇ ಕಂಡಿತು.

ನಾಲ್ಕನೆಯ ದಿನ ದೋಣಿ ಅವಳ ಸೀಮೆಗೇ ಬಂತು. ಎರಡೂ ದಂಡೆಯ ಗುಡ್ಡಗಳಲ್ಲಿ ದ್ರಾಕ್ಷಿಗೆ ಬಣ್ಣ ತಿರುಗುತ್ತಿತ್ತು. ಈ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಲ್ಲಿನ ತೊಟ್ಟಿ, ಅದಕ್ಕೆ ಹಿಂದೊಂದು ಮುಂದೊಂದು ದೊಡ್ಡ ಬಾಗಿಲು. ದೋಣಿಯನ್ನು ತೊಟ್ಟಿಯೊಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿ ಮುಂದಿನ ತೂಬು ತೆಗೆದರೆ ನೀರು ಇಳಿಯುತ್ತದೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ತೊಟ್ಟಿ ಕಾಯುವವನು ಹನ್ನೆರಡಕ್ಕೆ ಊಟಕ್ಕೆ ಹೋದರೆ ಮುಗಿಯಿತು, ದೇಶದ ಅಧ್ಯಕ್ಷರೇ ಬಂದು ನಿಂತರೂ ಒಂದು ಗಂಟೆಯ ತನಕ ಬಾಗಿಲು ಅಲುಗುವುದಿಲ್ಲ. ಇವರು ತೊಟ್ಟಿಯೊಳಗೆ ಬಂದಾಗ ಹನ್ನೊಂದೂ ಮುಕ್ಕಾಲು.

ಸರಕಿನ ಹಾಗೆ ಕುಳಿತು ಜಿನೆಟ್‌ಗೆ ಸಾಕಾಗಿತ್ತು. ದಂಡೆಗೆ ಹಾರಿ, ಮುಂದಿನ ಹಗ್ಗ ತನಗೆ ಕೊಡು ಎಂದಳು. ಯಾನ್ ಹಗ್ಗ ಎಸೆದು ಮೆಲ್ಲಗೆ ಹೇಳಿದ: "ಕಟ್ಟಬೇಡಿ ಮೇಡಂ. ಗೂಟಕ್ಕೆ ಒಂದು ಸುತ್ತು ಹಾಕಿ ಸುಮ್ನೆ ಹಿಡ್ಕೊಳ್ಳಿ. ದೋಣಿ ಇಳಿದ ಹಾಗೆ ಸಡಿಲ ಬಿಡ್ತಾ ಹೋಗಿ."

"ಐವತ್ತು ವರ್ಷ ಬಳ್ಳಿ ಕಟ್ಟಿದ ಕೈ ಕಣಯ್ಯಾ ಇದು. ಹಗ್ಗ ಹಿಡಿಯೋದನ್ನ ನೀನು ಹೇಳ್ಕೊಡ್ತೀಯಾ?"

ಅವಳು ಹೇಳಿದ್ದು ಸುಳ್ಳಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ, ಸವರಿದ ದ್ರಾಕ್ಷಿ ಬಳ್ಳಿಯನ್ನು ಬಾಗಿಸಿ ತಂತಿಗೆ ಕಟ್ಟುವ ಕೆಲಸ ಆ ಊರಿನಲ್ಲಿ ಹೆಂಗಸರದು. ನೆನೆಸಿದ ಎಳೆ ಬೆತ್ತ, ಎರಡು ಸುತ್ತು, ಹೆಬ್ಬೆರಳಿನಿಂದ ಒಂದು ತಿರುವು. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ದಿನಕ್ಕೆ ಸಾವಿರ ಗಂಟು ಹಾಕಿದ ಬೆರಳುಗಳಿಗೆ ತಲೆಯ ಅಪ್ಪಣೆ ಬೇಕಾಗುವುದಿಲ್ಲ.

ತೊಟ್ಟಿಯವನು ತೂಬು ತೆಗೆದ. ಮಕ್ಕಳಿಬ್ಬರೂ ದೋಣಿಯ ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ದೋಣಿಯಲ್ಲೇ ನಿಂತು ಹಿಂದಿನ ಹಗ್ಗ ಹಿಡಿದಿದ್ದ ಆರೆಲಿ ಯಾನ್‌ನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ತಿರುಗಿ ಜಿನೆಟ್‌ಳನ್ನು ನೋಡಿದರು. ಇವತ್ತೇ ಹೇಳುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. ಅಳಬಾರದು, ಈ ಬ್ರಿಟಾನಿಯವನ ಮುಂದೆ ಒಂದು ಹನಿಯೂ ಬೀಳಬಾರದು ಎಂದು ಹಲ್ಲು ಕಚ್ಚಿ ನಿಂತಳು. ಅಷ್ಟರಲ್ಲಿ ಕೈಗಳು ತಮ್ಮ ಕೆಲಸ ಮುಗಿಸಿದ್ದವು. ಎರಡು ಸುತ್ತು, ಒಂದು ತಿರುವು.

ನೀರು ಇಳಿಯಿತು, ದೋಣಿಯ ಮೂತಿ ಇಳಿಯಲಿಲ್ಲ. ಹಗ್ಗ ಕಿರ್ರೆಂದಿತು. ದೋಣಿ ಗೋಡೆಯ ಕಡೆ ಮೇಲೆದ್ದು ಆಚೆ ಕಡೆ ವಾಲಿತು. ಒಳಗೆ ಬಟ್ಟಲು, ತಟ್ಟೆಗಳು ಜಾರಿ ಒಡೆದವು. ತಿಬೊ ಕುಳಿತಲ್ಲಿಂದಲೇ ಜಾರತೊಡಗಿದ. ಜಿನೆಟ್ ಗಂಟಿಗೆ ಬೆರಳು ತೂರಿಸಲು ನೋಡಿದಳು, ಅದು ಕಲ್ಲಾಗಿತ್ತು. ನಾಲ್ಕು ವರ್ಷದ ಹಿಂದೆ ಆ ಇಳಿಜಾರಿನಲ್ಲಿ ಅವಳು ಇರಲಿಲ್ಲ. ಹೇಗೆ ಆಗಿರಬಹುದು ಎಂದು ರಾತ್ರಿಯೆಲ್ಲ ಊಹಿಸಿ ಊಹಿಸಿ ಬೆಂದಿದ್ದಳು. ಈಗ ಕಣ್ಣೆದುರೇ ಇತ್ತು, ಅದೂ ಅವಳ ಕೈಯಿಂದಲೇ.

ಯಾನ್ ಚುಕ್ಕಾಣಿ ಬಿಟ್ಟು ಹಾರಿದ. ಅಂಚಿನ ಕಂಬಿಯ ಕೆಳಗೆ ಅರ್ಧ ನುಸುಳಿದ್ದ ತಿಬೊನ ಅಂಗಿ ಹಿಡಿದು ಎಳೆದುಕೊಂಡ, ಇನ್ನೊಂದು ಕೈಯಿಂದ ಲೂಸಿಲ್‌ಳನ್ನು ಬಾಚಿದ, ಇಬ್ಬರನ್ನೂ ಎದೆಯಡಿ ಹಾಕಿಕೊಂಡು ಹಲಗೆಯ ಮೇಲೆ ಮಲಗಿಬಿಟ್ಟ. ತೊಟ್ಟಿಯವನು ಏದುಸಿರು ಬಿಡುತ್ತ ಓಡಿ ಮುಂದಿನ ತೂಬು ಮುಚ್ಚಿ, ಹಿಂದಿನದನ್ನು ತೆಗೆದ. ನೀರು ಅಂಗುಲ ಅಂಗುಲವಾಗಿ ಏರಿತು. ದೋಣಿ ಮೆಲ್ಲಗೆ ನೆಟ್ಟಗಾಯಿತು.

ತೊಟ್ಟಿಯವನು ನೇರವಾಗಿ ಯಾನ್‌ನ ಮೇಲೆ ಹರಿಹಾಯ್ದ. ಇಳಿಯುವ ತೊಟ್ಟಿಯಲ್ಲಿ ಹಗ್ಗ ಕಟ್ಟಿದ್ದು ಯಾವ ಬುದ್ಧಿಯಲ್ಲಿ, ಮಕ್ಕಳನ್ನು ಕೊಲ್ಲಲು ಕರೆತಂದೆಯಾ ಎಂದು ಬಾಯಿಗೆ ಬಂದಂತೆ ಬೈದ. ಯಾನ್ ತಲೆ ತಗ್ಗಿಸಿ ಕೇಳಿಸಿಕೊಂಡ. ಜಿನೆಟ್‌ಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಇದೂ ಅವನ ಹುಳುಕುಗಳ ಲೆಕ್ಕಕ್ಕೆ ಸೇರುತ್ತಿತ್ತು. ಆ ಯೋಚನೆ ಜಿನೆಟ್‌ಗೆ ಬರಲಿಲ್ಲವೆಂದರೆ ಸುಳ್ಳಾದೀತು, ಬಂತು. ಅದು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವನನ್ನ ಬೈಬೇಡಿ," ಎಂದಳು. "ಕಟ್ಟಿದ್ದು ನಾನು. ಕಟ್ಟಬೇಡಿ ಅಂತ ಅವನು ಬಾಯಿಬಿಟ್ಟು ಹೇಳಿದ್ದ."

ತೊಟ್ಟಿಯವನು ಬಗ್ಗಿ ಗಂಟನ್ನು ನೋಡಿದ. ಅವನ ಸಿಟ್ಟು ಅರ್ಧ ಇಳಿಯಿತು. "ಇದು ಬಳ್ಳಿ ಗಂಟಲ್ವೇನಮ್ಮಾ? ನಮ್ಮಮ್ಮನೂ ಹೀಗೇ ಕಟ್ತಿದ್ಲು. ನೀವೇ ಬಿಚ್ಚಬೇಕು, ನಮ್ಮಪ್ಪನ ಕೈಲೂ ಆಗ್ತಿರ್ಲಿಲ್ಲ." ಹಗ್ಗ ಸಡಿಲವಾಗಿದ್ದರಿಂದ ಜಿನೆಟ್ ಹೆಬ್ಬೆರಳು ಒತ್ತಿ ತಿರುವಿದಳು, ಬಿಚ್ಚಿಕೊಂಡಿತು. ಅಷ್ಟರಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು, ಅವನು ಟೋಪಿ ಸರಿಮಾಡಿಕೊಂಡು ಊಟಕ್ಕೆ ಹೊರಟೇಹೋದ.

ಒಂದು ಗಂಟೆಯ ತನಕ ಕಾಯದೆ ಬೇರೆ ದಾರಿ ಇರಲಿಲ್ಲ. ದಂಡೆಯ ಹುಲ್ಲಿನ ಮೇಲೆ ಬ್ರೆಡ್ಡು, ಹಂದಿಮಾಂಸ, ನಾರುವ ಚೀಸು ಹರಡಿಕೊಂಡು ಕುಳಿತರು. ತಿಬೊ ಬಂದು ಜಿನೆಟ್‌ಳ ತೊಡೆಯೇರಿ, ಅಜ್ಜೀ, ದೋಣಿ ವಾಲಿಸೋದು ಇನ್ನೊಂದ್ಸಲ ಮಾಡ್ತೀಯಾ ಎಂದು ಕೇಳಿದ. ಅವನನ್ನು ಅವುಚಿಕೊಂಡಾಗ ಅವಳ ಹಟವೆಲ್ಲ ಕರಗಿತು.

"ಹೇಳಬೇಕಾದ್ದನ್ನ ಹೇಳಿಬಿಡಿ," ಎಂದಳು. "ಸಮುದ್ರದ ಕಡೆ ಯಾವಾಗ ಹೊರಡ್ತೀರಿ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಎಲ್ಲಿಗೂ ಹೋಗುವುದಿಲ್ಲ, ಹಾಗೆಂದು ಯಾರು ಹೇಳಿದರು ಎಂದು ಆರೆಲಿ ಕೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, ತಾನು ಮೂರು ತಿಂಗಳ ಬಸುರಿ, ಫೆಬ್ರವರಿಗೆ ಹೆರಿಗೆ ಎಂದಳು.

ಹೋಗುವುದಿಲ್ಲ ಎಂಬ ಮಾತಿಗೆ ಜಿನೆಟ್‌ಳ ಎದೆ ಹಗುರಾಯಿತು, ಮರುಕ್ಷಣವೇ ಮತ್ತೆ ಭಾರವಾಯಿತು. ಇನ್ನು ಅವರದೇ ಒಂದು ಕೂಸು. ಆ ಮನೆಯಲ್ಲಿ ಸಿಲ್ವಾಂನ ಹೆಸರು ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ, ಅವನ ಅಮ್ಮನೂ. ಒಳ್ಳೆಯದಾಗಲಿ ಎಂದಳು. ಅಷ್ಟು ಹೇಳುವುದಕ್ಕೇ ಕಷ್ಟವಾಯಿತು.

ಯಾನ್ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟ. "ನನಗೆ ಅಮ್ಮ ಇಲ್ಲ, ಆರೆಲಿಗೂ ಇಲ್ಲ. ಬುಧವಾರ ಬಂದ್ರೆ ಇವರಿಬ್ರು ಅಜ್ಜಿ ಮನೆಗೆ ಓಡ್ತಾರೆ. ಮೂರನೇದು ಬಾಗಿಲಲ್ಲಿ ನಿಂತು ನೋಡ್ತಿರಬೇಕಾ? ಅದು ಸಿಲ್ವಾಂ ಮಗು ಅಲ್ಲ, ನನಗೆ ಗೊತ್ತು. ಆದ್ರೂ ಅದಕ್ಕೂ ನೀವೇ ಅಜ್ಜಿ ಆಗಬೇಕು. ಇದನ್ನ ಕೇಳೋಕೇ ನಿಮ್ಮನ್ನ ಕರ್ಕೊಂಡು ಬಂದಿದ್ದು. ಮೂರು ದಿನದಿಂದ ನಿಮ್ಮ ಮುಖ ನೋಡಿ ಧೈರ್ಯ ಬರ್ಲಿಲ್ಲ."

ಜಿನೆಟ್ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ಇವತ್ತು ಈ ಕೈಯಿಂದ ಮಕ್ಕಳು ನೀರುಪಾಲಾಗ್ತಿದ್ರು. ನೀನೇ ನೋಡಿದೆ. ಆಮೇಲೂ ಕೇಳ್ತಿದ್ದೀಯಾ?"

"ಅದನ್ನ ನೋಡಿದ ಮೇಲೇ ಧೈರ್ಯ ಬಂದಿದ್ದು," ಎಂದ ಯಾನ್. "ಬೈಗುಳ ನನ್ನ ತಲೆ ಮೇಲೆ ಬಿದ್ದಿತ್ತು. ನೀವು ಸುಮ್ನಿದ್ದಿದ್ರೆ ಅಲ್ಲೇ ಇರ್ತಿತ್ತು."

ಅಷ್ಟು ದಿನ ತಡೆದಿಟ್ಟ ಕಣ್ಣೀರು, ಬೀಳಬಾರದೆಂದುಕೊಂಡ ಅದೇ ಮನುಷ್ಯನ ಮುಂದೆ ಧಾರಾಳವಾಗಿ ಇಳಿಯಿತು. ಜಿನೆಟ್ ಒರೆಸಿಕೊಳ್ಳಲೂ ಹೋಗಲಿಲ್ಲ. ನಾಲ್ಕು ವರ್ಷ ದೇವರ ಮೇಲೂ ಊರಿನ ಮೇಲೂ ಮುನಿದುಕೊಂಡಿದ್ದ ಮುದುಕಿಗೆ ಆ ಹುಲ್ಲಿನ ಮೇಲೆ, ನಾರುವ ಚೀಸಿನ ಪಕ್ಕದಲ್ಲಿ, ತಾನು ಪುಣ್ಯವಂತೆ ಅನ್ನಿಸಿತು. ಯಾನ್‌ನ ಕೆನ್ನೆಗಳನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡಳು.

"ನಿನಗೆ ಒಳ್ಳೇದಾಗ್ಲಿ ಕಣೋ. ಇವತ್ತು ಎರಡನ್ನ ಉಳಿಸಿಕೊಟ್ಟೆ, ಮೇಲೆ ಇನ್ನೊಂದನ್ನ ಕೊಡ್ತಿದ್ದೀಯ. ನಾನು ನಿನಗೇನು ಉಪಕಾರ ಮಾಡಿದ್ದೆ ಅಂತ?"