ಅತ್ತೆಯ ಎಡೆ

ಅತ್ತೆಯ ಅಸ್ಥಿಯನ್ನು ಮನೆತನದ ಗೋರಿಯೊಳಗಿಟ್ಟು, ಸತ್ತ ನಲವತ್ತೊಂಬತ್ತನೆಯ ದಿನದ ತಿಥಿಯೂಟಕ್ಕೆಂದು ಎಲ್ಲರೂ ಕನಜಾವಾ ಊರಿನ ಹಳೆಯ ಊಟದ ಮನೆಗೆ ಬಂದರು. ಮಿಸಾವೊ ಮಾತ್ರ ಹಿಂದೆ ಉಳಿದಿದ್ದಳು. ಗುರುಗಳನ್ನು ಕಾರು ಹತ್ತಿಸುವುದು, ಗೋರಿಯ ಮುಂದೆ ಹೂವು ಸರಿಮಾಡುವುದು, ಇಂಥವೆಲ್ಲ ಎಂದಿನಿಂದಲೂ ಅವಳ ತಲೆಗೇ. ಗಂಡ ಸತ್ತ ಮೇಲೂ ಅದೇ ಮನೆಯಲ್ಲಿದ್ದು, ಹಾಸಿಗೆ ಹಿಡಿದ ಅತ್ತೆಯ ಹೇಲು ಉಚ್ಚೆ ಬಳಿದವಳು ಅವಳೇ. ಟೋಕಿಯೊದ ಭಾವ ಶಿಗೆಹಾರು ಹೊಸವರ್ಷಕ್ಕೊಮ್ಮೆ ಬಂದು, ಅಮ್ಮನ ಕೈ ಸವರಿ, ಕಣ್ಣೊರೆಸಿಕೊಂಡು ರೈಲು ಹತ್ತುತ್ತಿದ್ದ. ಅಳುವುದಕ್ಕೆ ಎಷ್ಟು ಹೊತ್ತು ಬೇಕು!

ಇವತ್ತಾದರೂ ನಾಲ್ಕು ಜನರ ಮುಂದೆ ಭಾವ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಿಯಾನು ಎಂಬ ಆಸೆ ಮಿಸಾವೊಗಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಅವಳು ಒಳಗೆ ಕಾಲಿಟ್ಟಾಗ ಎಲ್ಲರೂ ಚಾಪೆಯ ಮೇಲೆ ಕೂತಾಗಿತ್ತು. ಒಬ್ಬೊಬ್ಬರ ಮುಂದೂ ಕರಿ ಅರಗು ಬಳಿದ ಮರದ ತಟ್ಟೆ, ಅತ್ತೆಯ ಫೋಟೊದ ಮುಂದೆ ಒಂದು ಎಡೆ. ಅವಳಿಗೆ ಮಾತ್ರ ಜಾಗವಿರಲಿಲ್ಲ. ಊಟದ ಮನೆಯ ಒಡತಿ ಬಿಳಿಚಿಕೊಂಡಳು. ತಮಗೆ ಹೇಳಿದ್ದು ಆರು ಜನಕ್ಕೆ, ಜೊತೆಗೊಂದು ಎಡೆ. ಮೀನು ತಂದಿರುವುದೂ ಅಷ್ಟಕ್ಕೇ. ಆದರೂ ಏನಾದರೂ ಹೊಂದಿಸುತ್ತೇನೆ ಎಂದಳು.

ಶಿಗೆಹಾರು ಬೆರಳು ಮಡಚಿದ. ತಾನು, ಹೆಂಡತಿ, ಇಬ್ಬರು ಮಕ್ಕಳು, ಸೋದರಮಾವ, ಅವರ ಹೆಂಡತಿ. ತಮ್ಮನ ವಿಧವೆ ಲೆಕ್ಕಕ್ಕೇ ಬಂದಿರಲಿಲ್ಲ. ಅವನಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ.

"ಹೊಂದಿಸೋದೇನೂ ಬೇಡ. ಅಮ್ಮನ ಎಡೆ ಇದೆಯಲ್ಲ, ಸುಮ್ನೆ ದಂಡ ಆಗೋದ್ಯಾಕೆ? ಮಿಸಾವೊ, ನೀನೇ ಅಲ್ಲಿ ಕೂತ್ಕೊಂಡುಬಿಡು. ನೀನೂ ಅಮ್ಮನೂ ಬೇರೆ ಬೇರೆನಾ?"

ಎಡೆಯನ್ನು ಕೊನೆಗೆ ಮನೆಯವರು ತಿನ್ನುವುದುಂಟು, ಅದರಲ್ಲಿ ತಪ್ಪಿಲ್ಲ. ಆದರೆ ಬದುಕಿರುವವಳ ಪಾಲಿಗೆ ಅದೊಂದೇ ಊಟ ಎಂದರೆ? ಮಿಸಾವೊ ಫೋಟೊದತ್ತ ಮುಖಮಾಡಿ ಇಟ್ಟಿದ್ದ ತಟ್ಟೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಉಳಿದವರಿಗೆ ತಿಳಿಸಾರು, ಸುಟ್ಟ ಮೀನು, ಬೇಯಿಸಿದ ಕೆಸವಿನ ಗೆಡ್ಡೆ ಒಂದಾದ ಮೇಲೊಂದು ಹಬೆಯಾಡುತ್ತ ಬಂದವು. ಎಡೆಗೆ ಎಲ್ಲವನ್ನೂ ಒಮ್ಮೆಗೇ ಇಟ್ಟಿದ್ದರಿಂದ ಅವಳದೆಲ್ಲ ಆರಿಹೋಗಿತ್ತು. ಎಳ್ಳಿನ ತೋಫುವಿನ ಮೇಲ್ಮೈ ಒಣಗಿತ್ತು. ಅವಳು ಒಂದೊಂದನ್ನೇ ತಿನ್ನುತ್ತ ಹೋದಳು.

ಅಕ್ಕಿಯ ಮದ್ಯ ಸಾಕೆ ಒಳಗಿಳಿದಂತೆ ಶಿಗೆಹಾರುವಿನ ನಾಲಿಗೆ ಸಡಿಲವಾಯಿತು. ಇವತ್ತಿನ ಮಟ್ಟಿಗೆ ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟುಬಂದಿದ್ದ, ಹಾಸಿಗೆ ಹಿಡಿದ ಅಪ್ಪನನ್ನು ವೃದ್ಧಾಶ್ರಮಕ್ಕೆ ಕಳಿಸುವ ಮಾತೇ ಇಲ್ಲವೆಂದ. ಮಿಸಾವೊ ಇರುವಾಗ ಚಿಂತೆ ಏಕೆ, ಅಪ್ಪ ಉಣ್ಣುವುದೂ ಅವಳ ಕೈಯಿಂದಲೇ ಎಂದ. ಸೋದರಮಾವ ತಲೆದೂಗಿದರು. ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೊನೆಗೆ ಅನ್ನ ಬಂತು, ಉಪ್ಪಿನಕಾಯಿ ಬಂತು. ಮಿಸಾವೊ ತನ್ನ ತಣ್ಣನೆಯ ಅನ್ನವನ್ನು ಮುಗಿಸಿ ಊಟದ ಕಡ್ಡಿಗಳನ್ನು ಕೆಳಗಿಟ್ಟಳು.

"ಭಾವ, ಇವತ್ತು ನಂಗೆ ಸತ್ತವರ ಊಟ ಹಾಕಿಸಿದ್ರಿ. ಒಂದಗುಳೂ ಬಿಡದೆ ಉಂಡಿದೀನಿ. ಇನ್ಮೇಲೆ ನನ್ನನ್ನೂ ಸತ್ತವರ ಲೆಕ್ಕಕ್ಕೇ ಹಾಕ್ಕೊಳ್ಳಿ. ನಾನು ಆ ಮನೆಗೆ ಬರಲ್ಲ."

ಅವಳು ಫೋಟೊಗೆ ತಲೆಬಾಗಿ ಎದ್ದಳು. ಹೊಸ್ತಿಲು ದಾಟುವಾಗ ವಾರಗಿತ್ತಿ ರಿತ್ಸುಕೊ ಗಂಡನನ್ನು ಕೇಳಿದ್ದು ಕಿವಿಗೆ ಬಿತ್ತು.

"ಹಾಗಾದ್ರೆ ಸಂಜೆ ಮಾವಂಗೆ ಗಂಜಿ ಕುಡಿಸೋರು ಯಾರು?"

ಅವಳು ಎಲ್ಲಿಗೆ ಹೋಗುತ್ತಾಳೆಂದು ಯಾರೂ ಕೇಳಲಿಲ್ಲ.