ಧಣಿಗೆ ಏನಾಗಲಿ?

ಸಿನಿಮಾದಲ್ಲಿ ಹೀರೋ ಒಂದೇ ಏಟಿಗೆ ಹತ್ತು ಜನರನ್ನು ಮಲಗಿಸಿದರೆ ಶಿಳ್ಳೆ ಹೊಡೆಯುತ್ತೀರಲ್ಲ, ನಮ್ಮ ಗಂಟಲಕ್ಕನನ್ನು ನೋಡಿದ್ದೀರಾ? ಒಂದೇ ಕೂಗಿಗೆ ಇಡೀ ಚುನಾವಣಾ ಸಭೆಯನ್ನೇ ಮಲಗಿಸಿದವಳು! ಇಟ್ಟಿಗೆ ಗೂಡಿನ ಧಣಿಯನ್ನು ವೇದಿಕೆಯ ಮೇಲೇ ಹಸಿಹಸಿಯಾಗಿ ಮುಕ್ಕಿದವಳು!

ತಲೆ ಮೇಲೆ ಹನ್ನೆರಡು ಇಟ್ಟಿಗೆ ಹೊತ್ತುಕೊಂಡೇ ಇಡೀ ಕೇರಿಗೆ ಕೇಳುವಂತೆ ಬೈಯಬಲ್ಲ ಗಂಟಲು ಅವಳದು. ದಿನಾ ಸಾವಿರಾರು ಇಟ್ಟಿಗೆ ಸುಡುವ ಹೆಂಗಸರಿಗೆ ನಾಲ್ಕು ಗೋಡೆಯ ಒಂದು ಕಕ್ಕಸು ಕಟ್ಟಿಸಿ ಅಂತ ಕೂಲಿಗಳು ಧಣಿಯ ಗೇಟಿನ ಮುಂದೆ ನಲವತ್ತು ದಿನ ಕೂತರು. ಘೋಷಣೆ ಹಾಕಿಸಿದವಳು ಗಂಟಲಕ್ಕನೇ. ನಲವತ್ತೊಂದನೇ ದಿನ ಪೊಲೀಸರು ಅವಳ ಗಂಡನನ್ನು ಎಳೆದೊಯ್ದರು. ಧಣಿಯ ಪಂಪ್‌ಸೆಟ್ ಕದ್ದನಂತೆ. ಪಂಪ್‌ಸೆಟ್ ಮಾತ್ರ ಗೂಡಿನ ಪಕ್ಕದಲ್ಲೇ ನೀರೆತ್ತುತ್ತಿತ್ತು. ಪಾಪ, ತಾನು ಕಳುವಾದ ಸುದ್ದಿ ಅದಕ್ಕಿನ್ನೂ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಪಕ್ಷದ ರಾಜ್ಯ ಕಚೇರಿಗೆ ಧಣಿ ಲೋಡುಗಟ್ಟಲೆ ಇಟ್ಟಿಗೆ ದಾನ ಮಾಡಿದ್ದರು. ಅಲ್ಲಿ ಮೂರು ಮಹಡಿ ಎದ್ದಿತು, ಇಲ್ಲಿ ಟಿಕೆಟ್ಟು ಬಂದು ಬಿತ್ತು. ಕಕ್ಕಸಿಗೆ ಇಟ್ಟಿಗೆ ಸಾಲಲಿಲ್ಲ.

"ಬಾರೇ ಬಾಯಿಬಡುಕಿ," ಧಣಿ ಅಂಗಳದಲ್ಲಿ ಕಾಲು ಚಾಚಿಕೊಂಡೇ ಕರೆದರು. "ನಾಳೆ ರಾಜ್ಯಾಧ್ಯಕ್ಷರು ಬರ್ತಾರೆ. ನಿನ್ ದಂಡೆಲ್ಲ ಮೈದಾನದಲ್ಲಿರ್ಬೇಕು. ನೀನೇ ಜೈಕಾರ ಹಾಕಿಸ್ಬೇಕು."

"ನನ್ ಗಂಡ, ಧಣಿ?"

"ಸರಿಯಾಗ್ ಕೂಗಿದ್ರೆ ಕಂಪ್ಲೇಂಟ್ ವಾಪಸ್ಸು. ಕೆಮ್ಮಿದ್ರೆ ಇನ್ನೊಂದ್ ಪಂಪ್‌ಸೆಟ್ಟೂ ಕಳುವಾಗತ್ತೆ. ತಿಳೀತೇನೇ ಮುಂಡೆ?"

"ಮುಂಡೆ ಇನ್ನೂ ಆಗಿಲ್ಲ ಧಣಿ. ಅವ್ನು ಒಳಗೆ ಉಸಿರಾಡ್ತಾ ಇದಾನೆ."

ಮರುದಿನ ಮೈದಾನ ತುಂಬಿತು. ರಾಜ್ಯಾಧ್ಯಕ್ಷರು ಹಾರದಲ್ಲಿ ಕತ್ತಿನವರೆಗೂ ಮುಳುಗಿದ್ದರು. ಗಂಟಲಕ್ಕ ಮೈಕ್ ಹಿಡಿದಳು.

"ನಮ್ಮ ಗೂಡಿನ ಧಣಿಗೇ..."

"ಧಿಕ್ಕಾರ!"

ನಲವತ್ತು ದಿನ ಪಳಗಿದ ಬಾಯಿಗಳು. 'ಧಣಿಗೇ' ಅಂದರೆ ಅವಕ್ಕೆ ಗೊತ್ತಿದ್ದದ್ದು ಒಂದೇ ಉತ್ತರ. ಕೂಗಿದವರೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಹಿಂದಿನ ಸಾಲಿನ ಮುದುಕನೊಬ್ಬನಿಗೆ ರುಚಿ ಹತ್ತಿ, ಇನ್ನೊಂದು ಸಲ ಒಬ್ಬನೇ ಕೂಗಿದ.

"ಏನ್ರೀ ಇದು? ನಮ್ ಸಭೆನಾ, ಎದುರು ಪಾರ್ಟಿದಾ?" ರಾಜ್ಯಾಧ್ಯಕ್ಷರು ಹಾರದೊಳಗಿಂದ ಕೇಳಿದರು.

"ಹೆಬ್ಬೆಟ್ಟು ಜನ ಸಾರ್, ಪ್ರೀತಿ ಉಕ್ಕಿದ್ರೆ ಯಾವ್ ಮಾತ್ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗಲ್ಲ," ಧಣಿ ಹಲ್ಲು ಕಿರಿದರು. ಆಮೇಲೆ ಗಂಟಲಕ್ಕನ ಕಿವಿಗೆ ಬಾಗಿ, "ಹಲ್ಕಾ ರಂಡೆ, ಮನೆಗೆ ಗಂಡ ಬರ್ಬೇಕೋ, ಹೆಣ ಬರ್ಬೇಕೋ?" ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ನೀವೂ ಚಪ್ಪಾಳೆ ತಟ್ಟಿ ಆರಾಮಾಗಿ ಮನೆಗೆ ಹೋಗುತ್ತಿದ್ದಿರಿ. ಆದರೆ ರೀಲು ಬಿಟ್ಟದ್ದು ಸಾಕು. ಗಂಟಲಕ್ಕ ಯಾರನ್ನೂ ಮುಕ್ಕಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಜಯ ಅನ್ರಪ್ಪಾ... ನಿಮ್ ಕಾಲಿಗೆ ಬೀಳ್ತೀನಿ, ಜಯ ಅನ್ರೋ," ಎಂದು ಅತ್ತಳು.

ಜನ ಅಂದರು. ಹನ್ನೊಂದು ಸಲ.

ರಾಜ್ಯಾಧ್ಯಕ್ಷರು ಕರಗಿಹೋಗಿ ಅವಳ ತಲೆ ಸವರಿದರು. ಆ ಫೋಟೋ ಪೋಸ್ಟರ್ ಆಯಿತು, ಕೆಳಗೆ 'ಬಡವರ ಆನಂದಬಾಷ್ಪ' ಅಂತ ಅಚ್ಚಾಯಿತು. ಧಣಿ ಗೆದ್ದರು. ಕಂಪ್ಲೇಂಟು ವಾಪಸಾಗಲಿಲ್ಲ, ಅವಳು ಕೆಮ್ಮಿದ್ದಳಲ್ಲ. ಪೋಸ್ಟರೊಂದು ಠಾಣೆಯ ಎದುರುಗೋಡೆಯಲ್ಲಿದೆ. ಲಾಕಪ್ಪಿನ ಕಿಟಕಿಯಿಂದ ಕಾಣುವುದು ಅದೊಂದೇ.